ಬಳೆ ಒಡೆಯುವ ಇಕ್ಕಳ

ಶಿರಹಟ್ಟಿ,
ಫೆಬ್ರವರಿ ೨೦, ೧೯೫೮

ಸರಕಾರಿ ದವಾಖಾನೆಯ ಮುಖ್ಯ ವೈದ್ಯಾಧಿಕಾರಿಗಳಿಗೆ, ಪತ್ರಿಕೆಯ ಮೂಲಕ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸುವವಳು ನಾನು, ರೂಢಿ ಮುರಿಯಲಾರೆ. ಆದ್ದರಿಂದ, ಮಾನ್ಯರೇ. ಗರ್ಭಕೋಶದ ಶಸ್ತ್ರಕ್ರಿಯೆಗೆಂದು ಬಂದ ಹೆಂಗಸರ ಕೈಬಳೆಗಳನ್ನು ನಿಮ್ಮ ವಾರ್ಡಿನಲ್ಲಿ ಇಕ್ಕಳದಿಂದ ಒಡೆಯುತ್ತಾರೆ. ಒಡೆಯದೆ ತೆಗೆಯಬಲ್ಲವಳು, ಹೆದರಿದವರ ಮಗ್ಗುಲಲ್ಲಿ ಕುಳಿತು ನಾಲ್ಕು ಮಾತಾಡಬಲ್ಲವಳು ಒಬ್ಬಳು ಬಂದರೆ ಅವಳನ್ನು ಫೇರಿ ಮಾರುವವಳೆಂದು ತಾವು ಹೊರಗೆ ಹಾಕುತ್ತೀರಿ. ಹಾಗೆ ಹಾಕಿದ ಸಂಜೆ ನಾನೂ ಎದ್ದು ಹೊರಟುಹೋದೆ. ನಿಮ್ಮ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ಪರಾರಿ’ ಎಂದು ಬರೆದಿದೆಯಂತೆ. ನನ್ನ ಗರ್ಭಕೋಶವನ್ನು ನಾನೇ ಕದ್ದುಕೊಂಡು ಓಡಿದೆ ಎಂದು ತಾವು ತಿಳಿದಿರಬೇಕು.

ದವಾಖಾನೆ ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಊರುಗಳ ಸಾಹೇಬರು ನಮ್ಮದಲ್ಲವಲ್ಲ ಎಂದು ನೆಮ್ಮದಿಯಿಂದ ಚಹಾ ಕುಡಿದಾರು. ಅವರೂ ಒಂದು ದಿನ ಚಹಾ ಬಿಟ್ಟು ತಮ್ಮ ವಾರ್ಡಿನಲ್ಲಿ ಇಕ್ಕಳ ಎಲ್ಲಿದೆ ಎಂದು ಹುಡುಕಲಿ.

ನಾನು ಶಿರಹಟ್ಟಿಯ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ವಯಸ್ಸು ನಲವತ್ತೊಂದು. ಎರಡು ವರ್ಷದಿಂದ ತಿಂಗಳಿಗೆ ಹದಿನೈದು ದಿನ ರಕ್ತಸ್ರಾವ. ಇಂಥ ಮಾತನ್ನು ಹೆಂಗಸೊಬ್ಬಳು ಪತ್ರಿಕೆಗೆ ಬರೆಯುವುದೇ ಎಂದು ಓದುಗರಲ್ಲಿ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಈ ಎರಡು ವರ್ಷ ನಾನು ಕಪ್ಪು ಸೀರೆಗಳನ್ನೇ ಉಟ್ಟು, ಹಲಗೆಯ ಕಡೆ ತಿರುಗುವ ಮುಂಚೆ ಪ್ರತಿ ಸಲ ಸೆರಗನ್ನು ಹಿಂದಕ್ಕೆ ಎಳೆದುಕೊಂಡು ಪಾಠ ಮಾಡಿದ್ದೇನೆ. ಆಗ ಯಾರ ಮೂಗಿಗೂ ತೊಂದರೆಯಾಗಲಿಲ್ಲ. ಕೊನೆಗೆ ಗದಗಿನಲ್ಲಿ ಒಬ್ಬ ಲೇಡಿ ಡಾಕ್ಟರು ನೋಡಿ, ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ, ಗರ್ಭಕೋಶವನ್ನೇ ತೆಗೆಯಬೇಕು, ತಡ ಮಾಡಿದರೆ ಮೈಯಲ್ಲಿ ರಕ್ತವಿಲ್ಲದೆ ಒಂದು ದಿನ ಕ್ಲಾಸಿನಲ್ಲೇ ಬೀಳುತ್ತೀರಿ ಎಂದರು. ನಿಮ್ಮ ದವಾಖಾನೆಗೆ ಚೀಟಿ ಬರೆದುಕೊಟ್ಟವರೂ ಅವರೇ.

ಚೀಟಿ ಹಿಡಿದು ಮನೆಗೆ ಬಂದ ದಿನವೇ ನನಗೆ ಹೆದರಿಕೆ ಹಿಡಿಯಿತು. ಏನು ಹೆದರಿಕೆ ಎಂದು ತಾವು ಕೇಳಲಿಲ್ಲ, ಕೇಳಲು ನಿಮ್ಮ ಫಾರ್ಮಿನಲ್ಲಿ ಜಾಗವೂ ಇಲ್ಲ, ಆದರೂ ಹೇಳುತ್ತೇನೆ. ಮೂಗಿಗೆ ಔಷಧ ಹಿಡಿದ ಮೇಲೆ ಎಚ್ಚರವೇ ಆಗದಿದ್ದರೆ ಎಂಬುದು ಒಂದು. ಗರ್ಭಕೋಶ ಹೋದವಳ ದನಿ ಗಂಡಸಿನ ದನಿಯಾಗುತ್ತದೆ ಎಂದು ಓಣಿಯಲ್ಲಿ ಯಾರೋ ಹೇಳಿದ್ದರು. ದನಿಯಿಂದಲೇ ಹೊಟ್ಟೆ ಹೊರೆಯುವವಳಿಗೆ ಅದು ಸಣ್ಣ ಮಾತಲ್ಲ. ಇವೆರಡರ ಕೆಳಗೆ ಇನ್ನೊಂದು ಇತ್ತು. ಬಸಿರಿಗೆ ಮಾಡುವ ಕುಬಸವನ್ನು ನನಗೆ ಎರಡು ಸಲ ಮಾಡಿದ್ದಾರೆ, ಹಸಿರು ಸೀರೆ ಉಡಿಸಿ ಆರತಿ ಎತ್ತಿದ್ದಾರೆ. ಎರಡು ಸಲವೂ ಬಾಣಂತಿ ಕೋಣೆಯಿಂದ ಬರಿಗೈಯಲ್ಲಿ ಎದ್ದು ಬಂದಿದ್ದೇನೆ. ಒಂದು ಕೂಸು ಹುಟ್ಟುವಾಗಲೇ ಹೋಗಿತ್ತು, ಇನ್ನೊಂದು ಹನ್ನೊಂದು ದಿನ ಇತ್ತು. ಆ ಎರಡು ಕೂಸುಗಳು ಒಂಬತ್ತು ತಿಂಗಳು ಸುಖವಾಗಿ ಇದ್ದ ಜಾಗ ಅದೊಂದೇ. ಅದನ್ನು ಕತ್ತರಿಸಿ ಬಕೀಟಿಗೆ ಹಾಕುತ್ತಾರೆ ಎಂದು ನೆನೆದು ನಡುರಾತ್ರಿ ಎದ್ದು ಕೂರುತ್ತಿದ್ದೆ. ನಮ್ಮ ಮನೆಯವರು ಒಳ್ಳೆಯವರು, ಅರಳೆ ಅಂಗಡಿಯಲ್ಲಿ ಗುಮಾಸ್ತರು. ಅವರ ಮುಂದೆ ಈ ಮಾತು ಎತ್ತಿದರೆ ನನಗಿಂತ ಮೊದಲು ಅವರ ಕಣ್ಣಲ್ಲಿ ನೀರು. ಅವರನ್ನು ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು.

ಆಗ ನನ್ನ ಕೈ ಹಿಡಿದವಳು ನೆರೆಮನೆಯ ಬೀಬಿಜಾನ. ಬಳೆಗಾರ್ತಿ, ಐವತ್ತರ ಹೆಂಗಸು. ಮೂರು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಇದೇ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವಳು. ಇವತ್ತಿಗೂ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಲಕ್ಷ್ಮೇಶ್ವರದ ಸಂತೆಗೆ ಹೋಗಿ ಬರುತ್ತಾಳೆ. ಅವಳು ನನಗೆ ಧೈರ್ಯ ಹೇಳಲಿಲ್ಲ. ಧೈರ್ಯ ಹೇಳುವವರು ಓಣಿ ತುಂಬ ಇದ್ದರು. ಅವಳು ಆದದ್ದನ್ನು ಆದ ಹಾಗೆ ಹೇಳಿದಳು.

“ಎಚ್ಚರಾದ ಮ್ಯಾಲೆ ಮೊದಲ ವಾಂತಿ ಬರತೈತ್ರಿ ಅಕ್ಕಾರ. ಎರಡ ದಿನ ಕೆಮ್ಮಾಕ ಅಂಜಿಕಿ ಆಗತೈತಿ. ಕೆಮ್ಮೂ ಮುಂದ ದಿಂಬ ತಗೊಂಡು ಹೊಟ್ಟಿಗೆ ಒತ್ತಿ ಹಿಡೀರಿ. ಮೂರನೇ ದಿನ ಗಂಜಿ ಕೊಡ್ತಾರ, ಎಂಟನೇ ದಿನ ಹೊಲಿಗಿ ಬಿಚ್ಚತಾರ. ದನಿ ಏನೂ ಆಗೂದಿಲ್ಲ. ನನ್ನ ದನಿ ಮೊದಲೂ ಹಿಂಗ ಒಡಕ ಇತ್ತು, ಈಗೂ ಹಂಗ ಐತಿ.”

ಕೂಸುಗಳ ಮಾತನ್ನೂ ಅವಳಿಗೆ ಹೇಳಿದೆ. ಅವಳು ಅಂದಳು: “ಐದ ಮಂದೀನ ಹೆತ್ತಾಕಿ ನಾ, ಐದೂ ಅದಾವ. ಆದ್ರೂ ಹೋಗೂ ಹಿಂದಿನ ದಿನ ಅತ್ತೀನ್ರಿ. ನೀವೂ ಅತ್ತು ಹೋಗ್ರಿ. ಅಂಜಿ ಹೋಗಬ್ಯಾಡ್ರಿ.”

ಸಾಹೇಬರೇ, ಇಷ್ಟು ಮಾತು ಹೇಳಲು ಎಷ್ಟು ವರ್ಷದ ಓದು ಬೇಕು? ನಿಮ್ಮ ಕೋಣೆಯ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಮೂರು ಸರ್ಟಿಫಿಕೇಟುಗಳಿವೆ. ಆ ಮೂರರಲ್ಲಿ ಒಂದಾದರೂ, ಕೆಮ್ಮುವಾಗ ದಿಂಬು ಹಿಡಿಯಿರಿ ಎಂದು ಒಬ್ಬ ಹೆಂಗಸಿಗೆ ಮೊದಲೇ ಹೇಳಬೇಕೆಂದು ನಿಮಗೆ ಕಲಿಸಲಿಲ್ಲವೆ?

ಸಂಕ್ರಾಂತಿಯ ಮರುವಾರ, ಸೋಮವಾರ, ನಾವು ಮೂವರೂ ಮೋಟಾರು ಹತ್ತಿ ಬಂದೆವು. ನಮ್ಮ ಮನೆಯವರು, ನಾನು, ಬೀಬಿಜಾನ. ಆಫೀಸಿನಲ್ಲಿ ಫಾರ್ಮು ಕೊಟ್ಟರು. ಮೂರು ಪ್ರತಿ, ಮೂರಕ್ಕೂ ಗಂಡನ ರುಜು. ನನ್ನ ರುಜು ಎಲ್ಲಿ ಎಂದು ಕೇಳಿದೆ. ನಿಮ್ಮ ಕಾರಕೂನರು ತಲೆ ಎತ್ತದೆ ಹೇಳಿದರು: “ಪೇಷಂಟ್ ರುಜು ಬ್ಯಾಡ್ರಿ. ಪೇಷಂಟ್ ಇದ್ದರ ಸಾಕು.” ನೂರಾರು ಹುಡುಗಿಯರ ಶಾಲೆ ಬಿಟ್ಟ ದಾಖಲೆಗೆ ರುಜು ಹಾಕಿದ ಕೈ ನನ್ನದು. ಎರಡು ಚುನಾವಣೆಯಲ್ಲಿ ಮತ ಹಾಕಿ, ಈ ದೇಶವನ್ನು ಯಾರು ಆಳಬೇಕು ಎಂದು ಹೇಳಿದ್ದೇನೆ. ನನ್ನ ಹೊಟ್ಟೆಯನ್ನು ಕೊಯ್ಯಬಹುದು ಎಂದು ಹೇಳುವಷ್ಟು ಬುದ್ಧಿ ಮಾತ್ರ ನನಗೆ ಬಂದಿಲ್ಲ ಎಂದಾಯಿತು.

ಅದರ ಮುಂದಿನ ಕಾಲಂ ಇನ್ನೂ ಸೊಗಸು. ‘ರೋಗಿಯ ಜೊತೆ ಇರುವವರು ಮತ್ತು ಅವರ ಸಂಬಂಧ.’ ಬೀಬಿಜಾನ, ನೆರೆಮನೆಯವಳು ಎಂದು ಬರೆಸಿದೆ. ನೆರೆಮನೆ ಸಂಬಂಧವಾಗುವುದಿಲ್ಲ, ರಕ್ತಸಂಬಂಧ ಅಥವಾ ಗಂಡ ಆಗಬೇಕು ಎಂದರು. ಆಗಲಿ, ಗಂಡ ಇರುತ್ತಾರೆ ಎಂದೆ. ಸ್ತ್ರೀಯರ ವಾರ್ಡಿನೊಳಗೆ ಗಂಡಸರು ಬರುವಂತಿಲ್ಲ ಎಂದರು. ನನಗೆ ತಾಯಿಯಿಲ್ಲ, ಅಕ್ಕ ತಂಗಿಯರಿಲ್ಲ. ಹಾಗಾದರೆ ನನ್ನ ಹತ್ತಿರ ಯಾರು ಕೂರಬೇಕು ಎಂದು ಕೇಳಿದ್ದಕ್ಕೆ ಕಾರಕೂನರು ನಿಯಮದ ಹಲಗೆ ತೋರಿಸಿದರು. ಕೂರಲು ಹಕ್ಕಿದ್ದವರು ಒಳಗೆ ಬರಬಾರದು, ಒಳಗೆ ಬರಬಲ್ಲವಳಿಗೆ ಕೂರುವ ಹಕ್ಕಿಲ್ಲ. ಈ ಎರಡು ನಿಯಮಗಳನ್ನು ಒಂದೇ ಹಲಗೆಯ ಮೇಲೆ ಬರೆಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಐದು ಗಂಟೆಯವರೆಗೆ ಭೇಟಿಯ ವೇಳೆ ಇದೆ ಎಂದು ಬೀಬಿಜಾನ ಅಷ್ಟು ಹೊತ್ತಿಗಾಗಿ ಒಳಗೆ ಬಂದಳು.

ನನ್ನ ಪಕ್ಕದ ಮಂಚದಲ್ಲಿ ಹಿರೇವಡ್ಡಟ್ಟಿಯ ಉಡಚವ್ವ ಇದ್ದಳು. ಒಕ್ಕಲುತನದ ಹೆಣ್ಣುಮಗಳು, ಅವಳದೂ ಮರುದಿನ ಬೆಳಿಗ್ಗೆ ಅದೇ ಶಸ್ತ್ರಕ್ರಿಯೆ. ಜೋಳದ ಸುಗ್ಗಿ ಎಂದು ಗಂಡ ರುಜು ಹಾಕಿ ತಿರುಗಿ ಹೋಗಿದ್ದ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಮಧ್ಯಾಹ್ನದಿಂದ ಯಾರೊಂದಿಗೂ ಮಾತಾಡಿರಲಿಲ್ಲ. ಸಿಸ್ಟರು ಬಂದು, ಇಬ್ಬರೂ ಬಳೆ ತೆಗೆದಿಡಬೇಕು ಎಂದು ಹೇಳಿ ಹೋದರು. ಬಳೆ ಯಾಕೆ ತೆಗೆಯಬೇಕು ಎಂದು ನಾನು ಕೇಳುವುದಿಲ್ಲ. ಸೂಜಿ ಚುಚ್ಚಬೇಕು, ಕೈ ಊದಿಕೊಳ್ಳಬಹುದು, ಒಪ್ಪಿದೆ. ಆದರೆ ಎಂದೋ ಮದುವೆಯ ವಯಸ್ಸಿನಲ್ಲಿ ತೊಡಿಸಿದ ಅಳತೆಯ ಗಾಜಿನ ಬಳೆ, ಕುಡುಗೋಲು ಹಿಡಿದು ಗಟ್ಟಿಯಾದ ಕೈಯಿಂದ ಸುಮ್ಮನೆ ಕಳಚಿ ಬರುವುದಿಲ್ಲ.

ಬೀಬಿಜಾನ ಸಾಬೂನು ಕೇಳಿ ತಂದಳು. ಉಡಚವ್ವನ ಮಂಚದ ಹತ್ತಿರ ನೆಲಕ್ಕೆ ಕುಳಿತು ಅವಳ ಬಲಗೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನೊರೆ ಹಚ್ಚಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಅಂಗೈಯನ್ನು ಮಡಚಿ, ಒಂದೊಂದೇ ಬಳೆಯನ್ನು ತಿರುವುತ್ತ ಗೆಣ್ಣು ದಾಟಿಸಿದಳು. ಏಳು ಹಸಿರು ಬಳೆ. ಒಂದಕ್ಕೂ ಪೆಟ್ಟಾಗಲಿಲ್ಲ. ಏಳನ್ನೂ ದಾರಕ್ಕೆ ಪೋಣಿಸಿ ಉಡಚವ್ವನ ಮಡಿಲಿಗೆ ಹಾಕಿ, “ಇವನ್ನ ಇಟಗೊಂಡಿರು ತಂಗಿ. ಹೊಲಿಗಿ ಬಿಚ್ಚಿದ ಮ್ಯಾಲೆ ಇವನ್ನ ತಿರುಗಿ ಇಡಸ್ತೀನಿ,” ಎಂದಳು.

ಆಗ ಉಡಚವ್ವ ಮೊದಲ ಸಲ ಬಾಯಿ ಬಿಟ್ಟು, ಗಾಯ ಎಷ್ಟು ಉದ್ದ ಇರುತ್ತದೆ ಎಂದು ಕೇಳಿದಳು. ಬೀಬಿಜಾನ ನನ್ನ ಕೈಗೆ ತನ್ನ ಸೆರಗು ಕೊಟ್ಟು ಅಡ್ಡ ಹಿಡಿಯಲು ಹೇಳಿದಳು. ಹೊಟ್ಟೆಯ ಮೇಲಿನ ಸೀರೆಯನ್ನು ಸ್ವಲ್ಪ ಸರಿಸಿ ತೋರಿಸಿದಳು. ಉಡಚವ್ವ ಕೈ ಚಾಚಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

“ಇಷ್ಟನ?”

“ಇಷ್ಟ.”

ನನ್ನೊಳಗೆ ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಗಂಟು ಆ ಎರಡು ಮಾತಿಗೆ ಸಡಿಲವಾಯಿತು. ನಾಳೆ ಬೆಳಿಗ್ಗೆ ನಾನು ನಡೆದುಕೊಂಡೇ ಆ ಕೋಣೆಗೆ ಹೋಗುತ್ತೇನೆ ಎಂದು ಆಗ ಅನ್ನಿಸಿತು. ಅದೇ ಹೊತ್ತಿಗೆ ತಾವು ಬಂದಿರಿ.

ಬಾಗಿಲ ಪಕ್ಕದಲ್ಲಿ ಇಟ್ಟಿದ್ದ ಮಲಾರ ನಿಮ್ಮ ಕಣ್ಣಿಗೆ ಬಿತ್ತು. “ಬಳೆಗಾರ್ತಿಗೆ ವಾರ್ಡಿನಲ್ಲಿ ಏನು ವ್ಯಾಪಾರ? ಇದು ಆಸ್ಪತ್ರೆ, ಸಂತೆಯಲ್ಲ” ಎಂದಿರಿ. ನಾನು ಎದ್ದು ನಿಂತು, “ಸಾಹೇಬ್ರ, ಆಕಿ ಬಳಿ ಮಾರಾಕ ಬಂದಿಲ್ರಿ, ತಗ್ಯಾಕ ಬಂದಾಳ,” ಎಂದೆ. ತಾವು ನನ್ನ ಕಡೆ ನೋಡಲಿಲ್ಲ. ಇದು ಯಾವ ಕೇಸು ಎಂದು ಸಿಸ್ಟರನ್ನು ಕೇಳಿದಿರಿ. ಹದಿನೇಳು, ನಾಳೆಯದು ಎಂದು ಅವರು ಹೇಳಿದರು. “ಮಲಗಲು ಹೇಳಿ” ಎಂದು ತಾವು ಮುಂದೆ ಹೋದಿರಿ. ಭೇಟಿಯ ವೇಳೆ ಮುಗಿಯಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಬೀಬಿಜಾನ ಸೆರಗು ಹೊದ್ದು, ಮಲಾರ ಎತ್ತಿಕೊಂಡು ಹೋದಳು. ಅವಳ ಕೈಯಲ್ಲಿ ಇನ್ನೂ ಸಾಬೂನಿನ ನೊರೆ ಇತ್ತು.

ನನಗೆ ಸಿಟ್ಟು ಬಂದಿದ್ದರೆ ನಿಂತು ಜಗಳ ಆಡುತ್ತಿದ್ದೆ. ಬಂದದ್ದು ಹೇಸಿಗೆ. ನಿಮ್ಮ ವಾರ್ಡಿನ ಫಿನಾಯಿಲಿನ ವಾಸನೆ, ಬೆಳ್ಳಗೆ ಇಸ್ತ್ರಿ ಮಾಡಿದ ನಿಮ್ಮ ಕೋಟು, ಮನುಷ್ಯರ ಮುಖ ನೋಡದೆ ಮಂಚದ ನಂಬರು ನೋಡುವ ನಿಮ್ಮ ಕಣ್ಣು, ಇವೆಲ್ಲದರ ಮೇಲೆ. ಹೊಟ್ಟೆ ಕೊಯ್ಯುವ ಮುಂಚೆ ಮೂರು ಸಲ ಕೈ ತೊಳೆಯುವ ತಾವು, ಆ ಹೊಟ್ಟೆಯವಳು ಹೆದರಿದ್ದಾಳೆಯೇ ಎಂದು ಒಂದು ಸಲ ಕೇಳಲು ಸಮಯವಿಲ್ಲದವರು.

ಸ್ವಲ್ಪ ಹೊತ್ತಿಗೆ ಸಿಸ್ಟರು ಇಕ್ಕಳ ತಂದರು. ಅವರ ಮೇಲೆ ನನ್ನ ದೂರಿಲ್ಲ. ಇಪ್ಪತ್ತೆರಡು ಮಂಚಕ್ಕೆ ಇಬ್ಬರೇ ಇದ್ದರು, ಒಬ್ಬೊಬ್ಬರ ಕೈಗೆ ಸಾಬೂನು ಹಚ್ಚುತ್ತ ಕೂರಲು ಅವರಿಂದ ಆಗದು. ಉಡಚವ್ವನ ಎಡಗೈಗೆ ಬಟ್ಟೆ ಸುತ್ತಿ ಒತ್ತಿದರು. ನಮ್ಮ ಕಡೆ ಹೆಂಗಸಿನ ಕೈಬಳೆಯನ್ನು ಬೇಕೆಂದು ಒಡೆಯುವುದು ಒಂದೇ ಒಂದು ಸಲ, ಗಂಡನ ಹೆಣದ ಮುಂದೆ. ತಾವು ಎಲ್ಲಿಯವರೋ ನನಗೆ ಗೊತ್ತಿಲ್ಲ, ಆದರೆ ನಿಮ್ಮ ತಾಯಿಗೆ ಇದು ಗೊತ್ತಿರಲೇಬೇಕು. ಮೊದಲ ಬಳೆ ಟಪ್ಪೆಂದಿತು. ಉಡಚವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು: “ನಮ್ಮ ಮನಿಯವರು ಆರಾಮ ಅದಾರಲ್ರಿ?” ಸಿಸ್ಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಪ್ರತಿ ಬಳೆಗೂ ಅದನ್ನೇ ಕೇಳಿದಳು. ಏಳು ಸಲ.

ಬಳೆ ಒಡೆದರೆ ಗಂಡ ಸಾಯುವುದಿಲ್ಲ ಎಂದು ನನಗೆ ಗೊತ್ತು. ನಾನು ವಿಜ್ಞಾನದ ಪಾಠವನ್ನೂ ಮಾಡುತ್ತೇನೆ. ಆದರೆ ಸಿಸ್ಟರು ಇಕ್ಕಳ ಹಿಡಿದು ನನ್ನ ಕಡೆ ತಿರುಗಿದಾಗ ನನ್ನ ಎರಡೂ ಕೈಗಳು ತಾವಾಗಿಯೇ ದಿಂಬಿನ ಕೆಳಗೆ ಹೋದವು. ಸಂಡಾಸಕ್ಕೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ, ಹಿಂದಿನ ಬಾಗಿಲಿನಿಂದ ಹೊರಗೆ ಬಂದು, ಮೋಟಾರು ನಿಲ್ಲುವಲ್ಲಿಗೆ ನಡೆದೆ. ಬೀಬಿಜಾನನೂ ನಮ್ಮ ಮನೆಯವರೂ ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಅವಳು ಸಂತೋಷಪಡಲಿಲ್ಲ.

“ಯಾಕ ಬಂದ್ರಿ?”

“ನಿನ್ನನ್ನ ಹೊರಗ ಹಾಕಿದ ಜಾಗಾದಾಗ ನಾನೂ ಇರೂದಿಲ್ಲ ಅಂತ ಬಂದೆ.”

“ಖರೇ ಹೇಳ್ರಿ ಅಕ್ಕಾರ. ನನ್ನ ಸಲುವಾಗಿ ಬಂದೀರೋ, ಅಂಜಿ ಬಂದೀರೋ?”

ಉತ್ತರ ಕೊಡಲಿಲ್ಲ. ಈಗ ಇಡೀ ನಾಡಿನ ಮುಂದೆ ಕೊಡುತ್ತೇನೆ: ಅಂಜಿ ಬಂದೆ. ನನಗೆ ನಿಮ್ಮ ಮೇಲೆ ಎಷ್ಟು ಹೇಸಿಗೆಯಿದೆಯೋ, ಪಕ್ಕದ ಮಂಚದವಳನ್ನು ಒಬ್ಬಳನ್ನೇ ಬಿಟ್ಟು ಬಂದ ನನ್ನ ಮೇಲೂ ಅಷ್ಟೇ ಇದೆ.

ಮಾನ್ಯರೇ, ಐವತ್ತಾರರ ನವೆಂಬರಿನಲ್ಲಿ ನಾಡು ಒಂದಾಯಿತು. ಸ್ವಾತಂತ್ರ್ಯಕ್ಕೂ ಮುಂಚೆ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು, ಗದಗು ಮುಂಡರಗಿ ಮುಂಬಯಿಯವು. ಹತ್ತು ಹರದಾರಿಯೊಳಗೆ ಮೂರು ಸರಕಾರ. ನಾಡು ಕೂಡಿದ ದಿನ ನಾನು ಎಂಬತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಮೆರವಣಿಗೆ ಮಾಡಿಸಿದೆ. ಅವರ ಕೈಗೆಲ್ಲ ಹೊಸ ಬಳೆ ಇಡಿಸಿದವಳು ಬೀಬಿಜಾನ. ನಾವೆಲ್ಲ ಒಂದೇ ಮನೆಯವರು ಎಂದು ವೇದಿಕೆಯಿಂದ ದೊಡ್ಡವರು ಭಾಷಣ ಮಾಡಿದರು. ನಿಮ್ಮ ಫಾರ್ಮಿನ ಮೇಲಿನ ಮೊಹರೂ ಬದಲಾಗಿದೆ, ನೋಡಿದೆ. ಮೊಹರಿನ ಕೆಳಗೆ ಮಾತ್ರ ನೆರೆಮನೆ ಸಂಬಂಧವಲ್ಲ. ಇಷ್ಟು ದೊಡ್ಡ ನಾಡನ್ನು ಕೂಡಿಸಬಲ್ಲ ಸರಕಾರಕ್ಕೆ ಒಂದು ಮಂಚದ ಹತ್ತಿರ ಇಬ್ಬರು ಹೆಂಗಸರನ್ನು ಕೂಡಲು ಬಿಡುವುದು ಅಷ್ಟು ಕಷ್ಟವೆ?

ಹೋದ ಶುಕ್ರವಾರ ಶಾಲೆ ಬಿಡುವ ಹೊತ್ತಿಗೆ ಉಡಚವ್ವ ನಮ್ಮ ಊರಿಗೆ ಬಂದಳು. ಹಿರೇವಡ್ಡಟ್ಟಿಯಿಂದ ಮುಂಡರಗಿಗೆ, ಅಲ್ಲಿಂದ ಎರಡು ಮೋಟಾರು ಬದಲಿಸಿ, ಬಳೆಗಾರ್ತಿ ಬೀಬಿಜಾನನ ಮನೆ ಯಾವುದು ಎಂದು ಕೇಳುತ್ತ ಬಂದಿದ್ದಳು. ತೆಳ್ಳಗಾಗಿದ್ದಳು, ಆದರೆ ಚೆನ್ನಾಗಿದ್ದಳು. ಸೆರಗಿನ ಗಂಟಿನಿಂದ ದಾರಕ್ಕೆ ಪೋಣಿಸಿದ ಏಳು ಹಸಿರು ಬಳೆ ತೆಗೆದು ಬೀಬಿಜಾನನ ಮುಂದೆ ಇಟ್ಟಳು. ಬಲಗೈಗೆ ಅವೇ ಏಳು, ಎಡಗೈಗೆ ಹೊಸವು ಏಳು. ಮೂಗಿಗೆ ಔಷಧ ಹಿಡಿಯುವವರೆಗೂ ಆ ದಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಬರಲು ಮುಖವಿರಲಿಲ್ಲ. ಅವಳೇ ಕರೆದಳು.

“ಯಾಕ ಹೋದ್ರಿ ಅಕ್ಕಾರ? ಓದಿದವರು, ಇವರೂ ನನ್ನಂಗ ಬಂದಾರ ಅಂತ ನಿಮ್ಮ ಮಾರಿ ನೋಡಿ ನಾ ಗಟ್ಟಿ ಆಗಿದ್ದೆ. ತಿರುಗಿ ನೋಡಿದ್ರ ಮಂಚಾನ ಖಾಲಿ.” ಮತ್ತೆ ಹೇಳಿದಳು: “ಅಂಜಬ್ಯಾಡ್ರಿ. ದಿಂಬಿನ ಮಾತು ಖರೇ ಐತಿ. ಹಂಗ ಹಿಡಕೊಂಡ ಕೆಮ್ಮಿದೆ.”

ಅವಳ ಮುಂದೆ ನಾನು ಅತ್ತೆ. ಬೀಬಿಜಾನ ತಡೆಯಲಿಲ್ಲ.

ಈಗ ನನ್ನ ಬೇಡಿಕೆ. ಸರಕಾರಿ ನೌಕರಿಯಲ್ಲಿರುವವಳು ಹೀಗೆ ಪತ್ರಿಕೆಗೆ ಬರೆಯಬಾರದು ಎಂಬ ನಿಯಮವೂ ಯಾವುದೋ ಹಲಗೆಯ ಮೇಲೆ ಇರಬಹುದು, ಆಮೇಲೆ ನೋಡಿಕೊಳ್ಳೋಣ. ಆ ಇಕ್ಕಳವನ್ನು ಹೆಂಗಸರ ಕೈಯಿಂದ ದೂರ ಇಡಿ. ಬೇಕಾದರೆ ನಿಮ್ಮ ನಿಯಮದ ಹಲಗೆಯ ಮೊಳೆಗಳನ್ನು ಅದರಿಂದ ಕೀಳಿಸಿ. ಈ ಶಸ್ತ್ರಕ್ರಿಯೆಗೆ ಬರುವ ಪ್ರತಿಯೊಬ್ಬಳ ಹತ್ತಿರ, ಅದನ್ನು ಆಗಲೇ ಮಾಡಿಸಿಕೊಂಡ ಒಬ್ಬ ಹೆಂಗಸು ಕೂರಲು ಬಿಡಿ. ಅವಳು ಯಾವ ಊರಿನವಳು, ಯಾವ ಜಾತಿಯವಳು, ಹೆಗಲ ಮೇಲೆ ಏನು ಹೊತ್ತು ಬಂದಳು ಎಂದು ಕೇಳಬೇಡಿ. ಮತ್ತು ಹೊಟ್ಟೆ ಯಾರದೋ ಅವಳ ರುಜುವನ್ನೂ ತೆಗೆದುಕೊಳ್ಳಿ.

ಬರುವ ಸೋಮವಾರ, ಇಪ್ಪತ್ತನಾಲ್ಕನೆಯ ತಾರೀಖು, ನಾನು ನಿಮ್ಮ ದವಾಖಾನೆಗೆ ಮತ್ತೆ ಬರುತ್ತಿದ್ದೇನೆ. ಬರದೆ ಗತಿಯಿಲ್ಲ, ಹೋದ ವಾರ ಹಲಗೆಯ ಮುಂದೆ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಕುರ್ಚಿ ಹಿಡಿದುಕೊಂಡೆ. ಇನ್ನೊಂದು ಸಲ ತಾವು ಬೀಬಿಜಾನನನ್ನು ಹೊರಗೆ ಹಾಕಿದರೂ ನಾನು ಓಡಿಹೋಗುವುದಿಲ್ಲ. ವಾರ್ಡಿನ ಬಾಗಿಲಲ್ಲೇ ನೆಲಕ್ಕೆ ಕೂರುತ್ತೇನೆ. ನಿಮ್ಮ ಕಣ್ಣಿಗೆ ನಂಬರಿಲ್ಲದ ಒಬ್ಬ ಹೆಂಗಸು ಕಾಣಲೇಬೇಕಾಗುತ್ತದೆ. ನಿಮ್ಮ ಕಾರಕೂನರಿಗೆ ತೊಂದರೆ ಬೇಡ ಎಂದು ಫಾರ್ಮಿನ ಮೂರೂ ಪ್ರತಿಗಳನ್ನು ನಾನೇ ನಕಲು ಮಾಡಿ ತುಂಬಿ ಇಟ್ಟಿದ್ದೇನೆ. ರೋಗಿಯ ರುಜು ಇದೆ. ಜೊತೆ ಇರುವವರು ಎಂಬಲ್ಲಿ ಎರಡು ಹೆಸರು, ಎರಡು ಹೆಬ್ಬೆಟ್ಟಿನ ಗುರುತು: ಬೀಬಿಜಾನ, ಉಡಚವ್ವ. ಸಂಬಂಧ ಎಂಬ ಕಾಲಮ್ಮಿನಲ್ಲಿ ಬಹಳ ಯೋಚಿಸಿ ಬರೆದಿದ್ದೇನೆ: ‘ಹೋಗಿ ಬಂದ ಹೆಂಗಸರು.’

ಇಂತಿ, ಕೈಯಲ್ಲಿ ಹದಿನಾಲ್ಕು ಬಳೆಗಳನ್ನೂ ಎದೆಯಲ್ಲಿ ಅಷ್ಟೇ ಅಂಜಿಕೆಯನ್ನೂ ಇನ್ನೂ ಇಟ್ಟುಕೊಂಡಿರುವ,

ನಿಮ್ಮ ಹದಿನೇಳನೆಯ ನಂಬರಿನ ಪರಾರಿ ರೋಗಿ,
ನೀಲಗಂಗವ್ವ